ಏಳು ಸ್ಪೀಕರ್ ಇವೆ, ಯಾವ ಮೋಡ್‌ನಲ್ಲಿ ಇಡಲಿ?

ಪ್ರಶ್ನೆ: ಸರ್, ನಾನು ಶಿವಮೊಗ್ಗದವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾದವನು. ಬೆಂಗಳೂರಿನಲ್ಲಿರುವ ಮಗ ಹೋದ ವರ್ಷ ನಮ್ಮ ಹಾಲ್‌ಗೆ ಹೋಮ್ ಥಿಯೇಟರ್ ಹಾಕಿಸಿಕೊಟ್ಟ. ಮುಂದೆ ಎರಡು ಸ್ಪೀಕರ್, ಟಿವಿ ಕೆಳಗಿನ ಶೋಕೇಸ್‌ನಲ್ಲಿ ಮಧ್ಯದ್ದೊಂದು, ಸೋಫಾದ ಹಿಂದೆ ಎರಡು, ಸೀಲಿಂಗ್‌ನಲ್ಲಿ ಎರಡು, ಜೊತೆಗೆ ಸಬ್‌ವೂಫರ್. ಟಿವಿಯಿಂದ ರಿಸೀವರ್‌ಗೆ, ಅಂದರೆ ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆಗೆ, ಒಂದೇ ಎಚ್‌ಡಿಎಂಐ ಕೇಬಲ್. ರಿಮೋಟ್ ಒತ್ತಿದರೆ ಸ್ಟೀರಿಯೋ, ಡೈರೆಕ್ಟ್, ಡಾಲ್ಬಿ ಸರೌಂಡ್, ನ್ಯೂರಲ್ ಎಕ್ಸ್, ಮಲ್ಟಿ ಚಾನೆಲ್ ಸ್ಟೀರಿಯೋ, ರಾಕ್ ಅರೀನಾ, ಜಾಝ್ ಕ್ಲಬ್ ಅಂತ ಒಂದಾದ ಮೇಲೊಂದು ಬರುತ್ತವೆ. ಅಂಗಡಿಯವರು "ಮಲ್ಟಿ ಚಾನೆಲ್ ಸ್ಟೀರಿಯೋದಲ್ಲೇ ಬಿಡಿ, ಎಲ್ಲಾ ಸ್ಪೀಕರೂ ಮಾತಾಡ್ತವೆ" ಎಂದು ಹೇಳಿ ಹೋದರು. ಮಗ ಫೋನ್ ಮಾಡಿದಾಗಲೆಲ್ಲ "ಅಪ್ಪಾ, ಡೈರೆಕ್ಟ್‌ನಲ್ಲಿ ಇಡಿ, ಮಿಕ್ಕಿದ್ದೆಲ್ಲ ಡೂಪ್ಲಿಕೇಟ್ ಸರೌಂಡ್" ಅನ್ನುತ್ತಾನೆ. ಡೈರೆಕ್ಟ್‌ಗೆ ಹಾಕಿದರೆ ಮುಂದಿನ ಎರಡು ಬಿಟ್ಟು ಉಳಿದವು ಉಸಿರೇ ಬಿಡುವುದಿಲ್ಲ. ಡಾಲ್ಬಿ ಸರೌಂಡ್‌ಗೆ ಹಾಕಿದರೆ ಹಳೆಯ ಹಾಡು ಪೂರ್ತಿ ಮಧ್ಯದ ಸ್ಪೀಕರ್‌ಗೆ ಹೋಗಿ ಕೂರುತ್ತದೆ. ಒಟಿಟಿ ಸಿನಿಮಾದಲ್ಲಿ ಮಾತು ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಫೈಟಿಂಗ್ ಸದ್ದಿಗೆ ನಮ್ಮ ಮನೆಯವರು ರೇಗುತ್ತಾರೆ. ಡಬ್ಬದ ಮೇಲೆ ಅಟ್ಮಾಸ್ ಅಂತ ಇದೆ, ಆದರೆ ಡಿಸ್‌ಪ್ಲೇಯಲ್ಲಿ ಆ ಪದ ಇವತ್ತಿನವರೆಗೆ ಬಂದಿಲ್ಲ, ಪಿಸಿಎಂ ಅಂತ ಮಾತ್ರ ಇರುತ್ತದೆ. ನಾವು ನೋಡುವುದು, ಕೇಳುವುದು ಕ್ರಿಕೆಟ್, ಧಾರಾವಾಹಿ, ಯೂಟ್ಯೂಬ್‌ನಲ್ಲಿ ಯಕ್ಷಗಾನ, ಹಳೆಯ ಚಿತ್ರಗೀತೆ, ವಾರಕ್ಕೊಂದು ಸಿನಿಮಾ. ತಪ್ಪು ಮೋಡ್‌ನಲ್ಲಿ ಇಟ್ಟರೆ ಸ್ಪೀಕರ್ ಹಾಳಾಗುತ್ತದೆಯೇ? ರಿಸೀವರ್ ಮೇಲೆ ಕೈಯಿಟ್ಟರೆ ಬಿಸಿ ಇರುತ್ತದೆ, ಅದೊಂದು ಭಯ ಬೇರೆ.

ಉತ್ತರ: ಮೋಡ್‌ಗಳ ಹೆಸರನ್ನೆಲ್ಲ ಬರೆದಿದ್ದೀರಿ, ಆದರೆ ನನಗೆ ಬೇಕಾಗಿದ್ದ ಸುಳಿವು ಇದ್ದದ್ದು ಪಿಸಿಎಂ ಎಂಬ ಒಂದು ಪದದಲ್ಲಿ. ಪಿಸಿಎಂ ಅಂದರೆ ಗಂಟು ಬಿಚ್ಚಿದ ಸಾದಾ ಡಿಜಿಟಲ್ ಧ್ವನಿ. ಏನು ಹಾಕಿದರೂ ಡಿಸ್‌ಪ್ಲೇಯಲ್ಲಿ ಪಿಸಿಎಂ ಎಂದೇ ಬರುತ್ತಿದ್ದರೆ, ನಿಮ್ಮ ಟಿವಿ ಸಿನಿಮಾವನ್ನೂ ಸೀರಿಯಲ್ಲನ್ನೂ ಒಂದೇ ಸಮ ಎರಡು ಚಾನೆಲ್‌ಗೆ, ಅಂದರೆ ಎಡ ಬಲ ಎಂಬ ಎರಡು ಧ್ವನಿಗಳಿಗೆ, ಇಳಿಸಿ ಕೆಳಗೆ ಕಳಿಸುತ್ತಿದೆ. ಆ ಎರಡನ್ನು ಏಳಕ್ಕೆ ಹೇಗೆ ಹಂಚುವುದು ಎಂಬುದರ ಮೇಲೆ ನೀವು, ಅಂಗಡಿಯವರು, ನಿಮ್ಮ ಮಗ ಮೂವರೂ ಇಷ್ಟು ದಿನ ವಾದ ಮಾಡಿದ್ದೀರಿ. ಮೋಡ್ ಅನ್ನುವುದು ಒಳಗೆ ಬಂದದ್ದನ್ನು ಏನು ಮಾಡಬೇಕು ಎಂದಷ್ಟೇ ಹೇಳುತ್ತದೆ. ಒಳಗೆ ಏನು ಬರುತ್ತಿದೆ ಎಂಬುದನ್ನು ಸರಿಮಾಡದೆ ಮೋಡ್ ಬದಲಿಸುತ್ತಾ ಕೂತರೆ ಬೆರಳು ನೋಯುತ್ತದೆ, ಅಷ್ಟೇ.

ಮನೆಗಳಿಗೆ ಹೋಗಿ ಈ ಕೆಲಸ ಮಾಡುವಾಗ ನಾನು ರಿಮೋಟನ್ನು ಮೊದಲು ಮುಟ್ಟುವುದಿಲ್ಲ. ಸಿನಿಮಾ ಹಾಕಿಸಿ, ರಿಸೀವರ್‌ನ ಇನ್ಫೋ ಬಟನ್ ಒತ್ತಿ, ಒಳಬರುವ ಸಿಗ್ನಲ್ ಏನೆಂದು ಓದುತ್ತೇನೆ. ಬಹುಪಾಲು ರಿಸೀವರ್‌ಗಳು ಎರಡು ಸಂಗತಿ ತೋರಿಸುತ್ತವೆ: ಬಂದ ಸಿಗ್ನಲ್ ಒಂದು, ಈಗ ನಡೆಯುತ್ತಿರುವ ಮೋಡ್ ಇನ್ನೊಂದು. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಡಿಸ್‌ಪ್ಲೇಯಲ್ಲಿ ಡಾಲ್ಬಿ ಸರೌಂಡ್ ಅಂತ ಕಂಡ ಮಾತ್ರಕ್ಕೆ ಸಿನಿಮಾದಲ್ಲಿ ಡಾಲ್ಬಿ ಇದೆ ಎಂದಲ್ಲ. ಅದು ರಿಸೀವರ್ ತಾನಾಗಿ ಮಾಡುತ್ತಿರುವ ಕೆಲಸದ ಹೆಸರು. ಡಾಲ್ಬಿ ಡಿಜಿಟಲ್, ಡಾಲ್ಬಿ ಡಿಜಿಟಲ್ ಪ್ಲಸ್, ಡಿಟಿಎಸ್, ಅಟ್ಮಾಸ್ (ಮೇಲಿನಿಂದ ಬರುವ ಧ್ವನಿಯೂ ಇರುವಂಥದ್ದು) ಇವು ಬರುವ ಸಿಗ್ನಲ್‌ನ ಹೆಸರುಗಳು. ಹೆಸರಿಟ್ಟವರು ಗ್ರಾಹಕರಿಗೆ ಉಪಕಾರ ಮಾಡಿಲ್ಲ ಬಿಡಿ.

ಮೊದಲು ಟಿವಿ, ಆಮೇಲೆ ರಿಸೀವರ್

ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ವಿಭಾಗಕ್ಕೆ ಹೋಗಿ. ಅಲ್ಲಿ ಡಿಜಿಟಲ್ ಆಡಿಯೋ ಔಟ್‌ಪುಟ್ ಅಥವಾ ಅದೇ ಅರ್ಥದ ಒಂದು ಸಾಲು ಇರುತ್ತದೆ. ಪಿಸಿಎಂ, ಆಟೋ, ಪಾಸ್‌ಥ್ರೂ, ಬಿಟ್‌ಸ್ಟ್ರೀಮ್ ಎಂಬಂಥ ಆಯ್ಕೆಗಳಿರುತ್ತವೆ. ನಿಮ್ಮದು ಪಿಸಿಎಂನಲ್ಲಿ ಇದೆ ಎಂಬುದು ನನ್ನ ಅಂದಾಜು. ಪಾಸ್‌ಥ್ರೂ ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಆಟೋ.

ಕಾರಣ ಹೀಗಿದೆ. ಟಿವಿಯಿಂದ ರಿಸೀವರ್‌ಗೆ ಹಿಮ್ಮುಖವಾಗಿ ಧ್ವನಿ ಬರುವ ದಾರಿಯ ಹೆಸರು ಆರ್ಕ್. ಈ ದಾರಿಯಲ್ಲಿ ಪಿಸಿಎಂ ಹೋದರೆ ಎರಡೇ ಚಾನೆಲ್ ಹೋಗಲು ಸಾಧ್ಯ. ಅದೇ ದಾರಿಯಲ್ಲಿ ಡಾಲ್ಬಿ ಡಿಜಿಟಲ್ ಆಗಲಿ, ಡಾಲ್ಬಿ ಡಿಜಿಟಲ್ ಪ್ಲಸ್ ಆಗಲಿ ಕಟ್ಟಿಟ್ಟ ಗಂಟಿನಂತೆ ಹೋಗಿ ರಿಸೀವರ್‌ನಲ್ಲಿ ಬಿಚ್ಚಿಕೊಂಡರೆ 5.1, ಅಂದರೆ ಐದು ಸ್ಪೀಕರ್‌ಗೂ ಒಂದು ಸಬ್‌ವೂಫರ್‌ಗೂ ಬೇರೆ ಬೇರೆ ಧ್ವನಿ, ಸಿಗುತ್ತದೆ. ಒಟಿಟಿಯ ಅಟ್ಮಾಸ್ ಬರುವುದೂ ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೇ, ಆದ್ದರಿಂದ ಅದಕ್ಕೆ ಇ-ಆರ್ಕ್ (ಆರ್ಕ್‌ನ ಹೊಸ, ಅಗಲವಾದ ರೂಪ) ಬೇಕೇ ಬೇಕು ಎಂದೇನಿಲ್ಲ. ಟಿವಿ ಅದನ್ನು ಬಿಚ್ಚದೆ ದಾಟಿಸಿದರೆ ಸಾಮಾನ್ಯ ಆರ್ಕ್ ಸಾಕು. ಇ-ಆರ್ಕ್ ನಿಜಕ್ಕೂ ಬೇಕಾಗುವುದು ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿಯಂಥ ದೊಡ್ಡ ಧ್ವನಿಯನ್ನು ಟಿವಿಯ ಮೂಲಕ ಕಳಿಸುವಾಗ. ನಿಮಗೆ ಆ ತಲೆನೋವಿಲ್ಲ. ಆದರೂ ಟಿವಿ ಮತ್ತು ರಿಸೀವರ್ ಎರಡರಲ್ಲೂ ಇ-ಆರ್ಕ್ ಇದ್ದರೆ ಆನ್ ಮಾಡಿಡಿ, ನಷ್ಟವೇನಿಲ್ಲ. ಯಾರಾದರೂ ಇದಕ್ಕೆಂದು ಸಾವಿರಾರು ರೂಪಾಯಿಯ ಕೇಬಲ್ ಮಾರಲು ಬಂದರೆ ನಗುತ್ತಾ ಕಳಿಸಿ.

ಇಷ್ಟಾದ ಮೇಲೂ ಅಟ್ಮಾಸ್ ಬರದಿದ್ದರೆ ತಪ್ಪು ಟಿವಿಯದ್ದೇ ಆಗಬೇಕಿಲ್ಲ. ನೆಟ್‌ಫ್ಲಿಕ್ಸ್ ಅಟ್ಮಾಸ್ ಕೊಡುವುದು ಪ್ರೀಮಿಯಂ ಪ್ಲಾನ್‌ನವರಿಗೆ ಮಾತ್ರ. ಇನ್ನೊಂದು ವಿಚಾರ ನಮ್ಮ ಕಡೆಯವರಿಗೆ ಆಗಾಗ ಎದುರಾಗುತ್ತದೆ: ಒಂದೇ ಸಿನಿಮಾದ ಮೂಲ ಭಾಷೆಯ ಧ್ವನಿ 5.1 ಅಥವಾ ಅಟ್ಮಾಸ್ ಇದ್ದು, ಕನ್ನಡ ಡಬ್ಬಿಂಗ್ ಬರೀ ಸ್ಟೀರಿಯೋ ಇರುವುದುಂಟು. ಸಿನಿಮಾದ ಪುಟದಲ್ಲಿ ಅಟ್ಮಾಸ್ ಚಿಹ್ನೆ ಇರುತ್ತದೆ, ನೀವು ಕನ್ನಡ ಆರಿಸಿದ ಕೂಡಲೇ ರಿಸೀವರ್ ಎರಡು ಚಾನೆಲ್ ತೋರಿಸುತ್ತದೆ. ರಿಸೀವರ್ ಕೆಟ್ಟಿದೆ ಅಂದುಕೊಳ್ಳಬೇಡಿ, ಆಡಿಯೋ ಮೆನುವಿನಲ್ಲಿ ಭಾಷೆಯ ಮುಂದೆ 5.1 ಅಂತ ಬರೆದಿದೆಯೇ ನೋಡಿ. ಹಾಗೆಯೇ ಡಿಟಿಎಚ್ ಸೆಟ್‌ಟಾಪ್ ಬಾಕ್ಸ್‌ಗೂ ಅದರದ್ದೇ ಆಡಿಯೋ ಸೆಟ್ಟಿಂಗ್ ಇರುತ್ತದೆ. ಅದು ಸ್ಟೀರಿಯೋದಲ್ಲಿದ್ದರೆ ಡಾಲ್ಬಿಗೆ ಬದಲಿಸಿ. ಕೆಲವು ಎಚ್‌ಡಿ ಟಿವಿ ಚಾನೆಲ್‌ಗಳಿಗೆ ಮಾತ್ರ ಇದರಿಂದ ವ್ಯತ್ಯಾಸ ಬೀಳುತ್ತದೆ. ಯೂಟ್ಯೂಬ್‌ನ ಯಕ್ಷಗಾನ, ಹಳೆಯ ಹಾಡು, ಇವೆಲ್ಲ ಎರಡು ಚಾನೆಲ್‌ನವೇ ಎಂದು ತಿಳಿದುಕೊಂಡುಬಿಡಿ.

ಮಗ ಹೇಳಿದ್ದು, ಅಂಗಡಿಯವರು ಹೇಳಿದ್ದು

ಡೈರೆಕ್ಟ್ ಅಂದರೆ ಬಂದದ್ದನ್ನು ಬಂದ ಹಾಗೆ ಕೊಡು ಎಂದರ್ಥ. ಐದು ಬಂದರೆ ಐದು, ಎರಡು ಬಂದರೆ ಎರಡು. ಬೆಂಗಳೂರಿನಲ್ಲಿ ನಿಮ್ಮ ಮಗನ ಮನೆಗೆ ಸರಿಯಾದ 5.1 ಬರುತ್ತಿದ್ದರೆ ಅವನ ಅನುಭವ ಸುಳ್ಳಲ್ಲ. ನಿಮ್ಮ ಮನೆಗೆ ಬರುತ್ತಿರುವುದು ಎರಡು, ಹಾಗಾಗಿ ಉಳಿದವು ಸುಮ್ಮನಿವೆ. ಸ್ಪೀಕರ್ ಕೆಟ್ಟಿಲ್ಲ. ಸಂಶಯವಿದ್ದರೆ ರಿಸೀವರ್‌ನ ಸ್ಪೀಕರ್ ಸೆಟಪ್‌ನಲ್ಲಿ ಟೆಸ್ಟ್ ಟೋನ್ ಹಾಕಿ, ಒಂದೊಂದರಿಂದಲೂ ಸುಯ್ ಎಂಬ ಸದ್ದು ಸರದಿಯಲ್ಲಿ ಬರಬೇಕು.

ಡೈರೆಕ್ಟ್‌ಗೆ ಇನ್ನೊಂದು ಬೆಲೆ ಇದೆ, ಅದನ್ನು ಶುದ್ಧ ಧ್ವನಿಯ ಭಕ್ತರು ಹೇಳುವುದಿಲ್ಲ. ಅಳವಡಿಸುವಾಗ ಒಂದು ಪುಟ್ಟ ಮೈಕ್ ಇಟ್ಟು ಕೋಣೆಯನ್ನು ಅಳೆದಿರುತ್ತಾರಲ್ಲ, ಆ ಕೋಣೆ ತಿದ್ದುಪಡಿಯನ್ನು ಬಹಳ ರಿಸೀವರ್‌ಗಳು ಡೈರೆಕ್ಟ್ ಮತ್ತು ಪ್ಯೂರ್ ಡೈರೆಕ್ಟ್‌ನಲ್ಲಿ ಪಕ್ಕಕ್ಕಿಡುತ್ತವೆ. ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್ ನೆಲ, ಗಾಜಿನ ಕಿಟಕಿ, ಒಂದು ಬದಿ ಊಟದ ಮನೆಗೆ ತೆರೆದುಕೊಂಡ ಹಾಲ್, ಇಂಥ ನಮ್ಮ ಮನೆಗಳಲ್ಲಿ ಆ ತಿದ್ದುಪಡಿ ಇಲ್ಲದಿದ್ದರೆ ಬಾಸ್ ಒಂದು ಮೂಲೆಯಲ್ಲಿ ಗುಂಯ್ ಎಂದು, ಇನ್ನೊಂದು ಮೂಲೆಯಲ್ಲಿ ಇಲ್ಲವೇ ಇಲ್ಲ ಎನ್ನುವಂತಿರುತ್ತದೆ. ಸ್ಟೀರಿಯೋ ಎಂಬ ಮೋಡ್‌ನಲ್ಲಿ ತಿದ್ದುಪಡಿಯೂ ಉಳಿಯುತ್ತದೆ, ಸಬ್‌ವೂಫರ್ ಕೂಡ ಸೇರಿಕೊಳ್ಳುತ್ತದೆ. ಹಾಗಾಗಿ ಎರಡೇ ಸ್ಪೀಕರ್ ಸಾಕು ಅನ್ನಿಸಿದ ದಿನ ಡೈರೆಕ್ಟ್‌ಗಿಂತ ಸ್ಟೀರಿಯೋ ನಿಮಗೆ ಮೇಲು.

ಇನ್ನು ಮಲ್ಟಿ ಚಾನೆಲ್ ಸ್ಟೀರಿಯೋ. ಅಂಗಡಿಯವರು ಅದನ್ನು ಯಾಕೆ ಇಟ್ಟು ಹೋಗುತ್ತಾರೆ ಅಂದರೆ, ಅದರಲ್ಲಿ ಯಾರೂ ಫೋನ್ ಮಾಡಿ "ಹಿಂದಿನ ಸ್ಪೀಕರ್ ಕೆಲಸ ಮಾಡ್ತಿಲ್ಲ" ಅನ್ನುವುದಿಲ್ಲ. ಎಡದ ಧ್ವನಿಯನ್ನು ಎಡಗಡೆಯ ಎಲ್ಲಾ ಸ್ಪೀಕರ್‌ಗೂ, ಬಲದ್ದನ್ನು ಬಲಗಡೆಯ ಎಲ್ಲದಕ್ಕೂ, ಎರಡನ್ನೂ ಕೂಡಿಸಿ ಮಧ್ಯಕ್ಕೂ ಕೊಡುತ್ತದೆ. ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ, ಜನ ಹಾಲ್ ತುಂಬಾ ಓಡಾಡುವಾಗ ಹಿನ್ನೆಲೆಗೆ ಹಾಡು ಬೇಕಾದರೆ ಇದಕ್ಕಿಂತ ಒಳ್ಳೆಯ ಮೋಡ್ ಇಲ್ಲ. ಕೂತು ಕೇಳುವವರಿಗೆ ಮಾತ್ರ ಇದು ತೊಂದರೆ. ಒಂದೇ ದನಿ ಏಳು ಕಡೆಯಿಂದ, ಏಳು ಬೇರೆ ಬೇರೆ ದಿಕ್ಕಿನಿಂದ ಕಿವಿಗೆ ಬಂದು ಒಂದರ ಮೇಲೊಂದು ಬೀಳುತ್ತದೆ. ಮಾತಿನ ಅಂಚು ಮಸುಕಾಗುತ್ತದೆ, ಮಾತನಾಡುವವನು ಪರದೆಯಲ್ಲಿದ್ದಾನೋ ಸೋಫಾದ ಹಿಂದಿದ್ದಾನೋ ಗೊತ್ತಾಗುವುದಿಲ್ಲ.

ಒಟಿಟಿ ಸಿನಿಮಾದಲ್ಲಿ ಮಾತು ಕೇಳಿಸದಿರಲು ನಿಮ್ಮ ಮನೆಯ ಮುಖ್ಯ ಕಾರಣ ಇದೇ ಇರಬೇಕು. ಸಿನಿಮಾದ 5.1 ಧ್ವನಿಯಲ್ಲಿ ಮಾತಿಗೆಂದೇ ಮಧ್ಯದ ಚಾನೆಲ್ ಪ್ರತ್ಯೇಕವಾಗಿರುತ್ತದೆ. ಟಿವಿ ಅದನ್ನು ಎರಡಕ್ಕೆ ಇಳಿಸಿದಾಗ ಮಾತು, ಮಳೆ, ಗುಂಡಿನ ಸದ್ದು, ಪಿಟೀಲು ಎಲ್ಲ ಕಲಸಿಹೋಯಿತು. ರಿಸೀವರ್ ಆ ಕಲಸಿದ್ದನ್ನು ಏಳು ಸ್ಪೀಕರ್‌ಗೆ ಹಚ್ಚಿತು. ಆಗ ನೀವು ಸೆಂಟರ್ ಸ್ಪೀಕರ್‌ನ ಮಟ್ಟ ಏರಿಸಿದರೂ ಮಾತಿನ ಜೊತೆ ಮಿಕ್ಕ ಎಲ್ಲವೂ ಏರುತ್ತದೆ.

ಡೂಪ್ಲಿಕೇಟ್ ಅನ್ನುವ ಮಾತು ಎಷ್ಟು ನಿಜ

ಎರಡನ್ನು ಐದಾಗಿಯೋ ಏಳಾಗಿಯೋ ಬಿಡಿಸುವ ಮೋಡ್‌ಗಳನ್ನು ಅಪ್‌ಮಿಕ್ಸರ್ ಅನ್ನುತ್ತಾರೆ. ನಿಮ್ಮಲ್ಲಿರುವ ಡಾಲ್ಬಿ ಸರೌಂಡ್, ನ್ಯೂರಲ್ ಎಕ್ಸ್ ಎರಡೂ ಈ ಜಾತಿಯವು. ಇವು ಏನನ್ನೂ ಹೊಸದಾಗಿ ಸೇರಿಸುವುದಿಲ್ಲ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ, ಇದ್ದದ್ದನ್ನೇ ಬೇರ್ಪಡಿಸುತ್ತವೆ. ಎಡ ಬಲ ಎರಡರಲ್ಲೂ ಸರಿಸಮವಾಗಿ, ಒಂದೇ ಹೊತ್ತಿಗೆ ಇರುವ ಧ್ವನಿಯನ್ನು ಮಧ್ಯಕ್ಕೆ ಎಳೆಯುತ್ತವೆ: ಹಾಡುಗಾರನ ಕಂಠ, ವಾರ್ತೆ ಓದುವವರ ದನಿ, ಕ್ರಿಕೆಟ್ ಕಾಮೆಂಟರಿ. ಎರಡರಲ್ಲೂ ಬೇರೆ ಬೇರೆಯಾಗಿ ಹರಡಿಕೊಂಡಿರುವುದನ್ನು, ಅಂದರೆ ಚಪ್ಪಾಳೆ, ಸ್ಟೇಡಿಯಂನ ಗದ್ದಲ, ಮಳೆ, ಸಭಾಂಗಣದ ಮಾರ್ದನಿ, ಇವನ್ನು ಹಿಂದಕ್ಕೂ ಮೇಲಕ್ಕೂ ಕಳಿಸುತ್ತವೆ.

ಇದು ಯಾರೋ ನಿನ್ನೆ ಕಂಡುಹಿಡಿದ ಗಿಮಿಕ್ ಅಲ್ಲ. 1970ರ ದಶಕದ ನಡುವೆ ಡಾಲ್ಬಿ ಸ್ಟೀರಿಯೋ ಬಂದಾಗ ಸಿನಿಮಾ ರೀಲಿನ ಅಂಚಿನಲ್ಲಿ ಎರಡೇ ಧ್ವನಿಪಟ್ಟಿಗೆ ಜಾಗವಿತ್ತು. ಮಧ್ಯದ ಧ್ವನಿಯನ್ನು ಎರಡಕ್ಕೂ ಸಮನಾಗಿ ಹಂಚಿ, ಹಿಂದಿನ ಧ್ವನಿಯನ್ನು ಎರಡಕ್ಕೂ ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿ (ಒಂದರ ಅಲೆ ಏರುವಾಗ ಇನ್ನೊಂದರದ್ದು ಇಳಿಯುವಂತೆ) ಹಾಕಿ, ನಾಲ್ಕನ್ನು ಎರಡರಲ್ಲಿ ಅಡಗಿಸಿದರು. ಥಿಯೇಟರ್‌ನಲ್ಲಿ ಅದನ್ನು ಮತ್ತೆ ಬಿಡಿಸುವ ಯಂತ್ರವಿತ್ತು. ಅದರ ಮನೆಯ ಆವೃತ್ತಿ 1982ರಲ್ಲಿ ಡಾಲ್ಬಿ ಸರೌಂಡ್ ಎಂಬ ಹೆಸರಿನಲ್ಲೇ ಬಂತು, 1987ರಲ್ಲಿ ಪ್ರೊ ಲಾಜಿಕ್ ಆಯಿತು. ಪ್ರೊ ಲಾಜಿಕ್‌ನಲ್ಲಿ ಹಿಂದಿನ ಎರಡು ಸ್ಪೀಕರ್‌ಗೂ ಒಂದೇ ಧ್ವನಿ, ಅದೂ 7 ಕಿಲೋಹರ್ಟ್ಸ್ ದಾಟದ ಮಂಕು ಧ್ವನಿ. 2000ದಲ್ಲಿ ಜಿಮ್ ಫಾಸ್‌ಗೇಟ್ ರೂಪಿಸಿದ ಪ್ರೊ ಲಾಜಿಕ್ 2 ಹಿಂಭಾಗಕ್ಕೂ ಪೂರ್ಣ ಸ್ಟೀರಿಯೋ ಕೊಟ್ಟಿತು. ಸಾಮಾನ್ಯ ಸ್ಟೀರಿಯೋ ಸಂಗೀತವನ್ನೂ ಕೇಳುವಂತೆ ಬಿಡಿಸಿದ್ದು ಅದೇ, ನನ್ನ ಹಳೆಯ ಗ್ರಾಹಕರಲ್ಲಿ ಇವತ್ತಿಗೂ ಅದನ್ನು ಬಿಟ್ಟುಕೊಡದವರಿದ್ದಾರೆ. ನಿಮ್ಮ ರಿಸೀವರ್‌ನಲ್ಲಿರುವ ಈಗಿನ ಡಾಲ್ಬಿ ಸರೌಂಡ್ 2014ರಲ್ಲಿ ಅಟ್ಮಾಸ್ ಮನೆಗೆ ಬಂದಾಗ ಜೊತೆಗೆ ಬಂದದ್ದು. ಹಳೆಯ ಹೆಸರನ್ನೇ ಹೊಸ ಯಂತ್ರಕ್ಕೆ ಇಟ್ಟರು. ಇದು ಧ್ವನಿಯನ್ನು ತಾರದಿಂದ ಮಂದ್ರದವರೆಗೆ ಹಲವು ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯನ್ನೂ ಬೇರೆಯಾಗಿ ನೋಡುತ್ತದೆ. ಹಾಗಾಗಿ ಕಾಮೆಂಟೇಟರ್ ಮಾತು ಮಧ್ಯದಲ್ಲಿದ್ದಾಗಲೇ ಗದ್ದಲ ಹಿಂದೆ ನಿಲ್ಲಬಲ್ಲದು.

ನಿಮ್ಮ ಮಗ ಡೂಪ್ಲಿಕೇಟ್ ಅನ್ನುವ ಪದವನ್ನು ಬಳಸಲೇಬೇಕಿದ್ದರೆ ರಾಕ್ ಅರೀನಾ, ಜಾಝ್ ಕ್ಲಬ್‌ಗಳಿಗೆ ಬಳಸಲಿ. ಇವು ಬಂದ ಧ್ವನಿಗೆ ಇಲ್ಲದ ಮಾರ್ದನಿಯನ್ನು ತಯಾರಿಸಿ ಸೇರಿಸುತ್ತವೆ. ಯಮಹಾದವರು 1986ರಲ್ಲಿ ಡಿಎಸ್‌ಪಿ-1 ಎಂಬ ಪೆಟ್ಟಿಗೆಯಲ್ಲಿ ನಿಜವಾದ ಸಭಾಂಗಣಗಳನ್ನು ಅಳೆದು ಈ ವಿದ್ಯೆ ಶುರುಮಾಡಿದರು, ಅವರ ಮಟ್ಟಿಗೆ ಅದು ಗಂಭೀರ ಕೆಲಸ. ಆದರೆ ಟೈಲ್ಸ್ ಹಾಕಿದ ಹಾಲ್‌ನಲ್ಲಿ ಮಾರ್ದನಿಗೆ ಮೊದಲೇ ಬರವಿಲ್ಲ. ಒಮ್ಮೆ ಕುತೂಹಲಕ್ಕೆ ಕೇಳಿ ಮರೆತುಬಿಡಿ.

ಡಾಲ್ಬಿ ಸರೌಂಡ್ ಮತ್ತು ನ್ಯೂರಲ್ ಎಕ್ಸ್ ನಡುವೆ ಯಾವುದು? ನನ್ನ ಕಿವಿಗೆ ಡಾಲ್ಬಿ ಸರೌಂಡ್ ಸಂಯಮದ್ದು, ನ್ಯೂರಲ್ ಎಕ್ಸ್ ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಧಾರಾಳವಾಗಿ ಎಸೆಯುವಂಥದ್ದು. ಹೆಲಿಕಾಪ್ಟರ್, ಗುಡುಗು ಇರುವ ಸಿನಿಮಾಕ್ಕೆ ಎರಡನೆಯದು ಖುಷಿ ಕೊಡುತ್ತದೆ, ದಿನದ ಟಿವಿಗೆ ಮೊದಲನೆಯದು. ಕೆಲವು ರಿಸೀವರ್‌ಗಳಲ್ಲಿ ಡಾಲ್ಬಿ ಸಿಗ್ನಲ್ ಬಂದಾಗ ಡಿಟಿಎಸ್ ಕಂಪನಿಯ ನ್ಯೂರಲ್ ಎಕ್ಸ್ ಪಟ್ಟಿಯಲ್ಲೇ ಕಾಣುವುದಿಲ್ಲ. ಅದು ಕಂಪನಿಗಳ ನಡುವಿನ ನಿಯಮದ ಫಲ, ನಿಮ್ಮ ಉಪಕರಣದ ದೋಷವಲ್ಲ.

ಹಳೆಯ ಹಾಡು ಮಧ್ಯಕ್ಕೆ ಹೋಗಿ ಕೂರುವುದೇಕೆ

ಇದು ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ, ಯಾಕೆಂದರೆ ಇಲ್ಲಿ ಯಂತ್ರ ತಪ್ಪು ಮಾಡುತ್ತಿಲ್ಲ, ತನ್ನ ಕೆಲಸವನ್ನು ಅಕ್ಷರಶಃ ಮಾಡುತ್ತಿದೆ. 1950, 60ರ ದಶಕದ ಕನ್ನಡ ಚಿತ್ರಗೀತೆಗಳು, 70ರ ದಶಕದ ಬಹುಪಾಲು ಹಾಡುಗಳು ಮೋನೋ. ಎಡದಲ್ಲೂ ಬಲದಲ್ಲೂ ಇರುವುದು ತದ್ರೂಪು ಧ್ವನಿ. ಎರಡರಲ್ಲೂ ಸಮನಾಗಿ ಇರುವುದು ಮಧ್ಯಕ್ಕೆ ಸೇರಬೇಕು ಎಂಬುದು ಅಪ್‌ಮಿಕ್ಸರ್‌ನ ನಿಯಮ. ಹಾಡು ಪೂರ್ತಿ ಸಮನಾಗಿದ್ದರೆ ಪೂರ್ತಿ ಮಧ್ಯಕ್ಕೆ. ನಿಮ್ಮ ಸೆಂಟರ್ ಸ್ಪೀಕರ್ ಶೋಕೇಸ್‌ನೊಳಗೆ ಬೇರೆ ಇದೆ. ರಾಜ್‌ಕುಮಾರ್ ಹಾಡಾಗಲಿ, ಪಿ.ಬಿ. ಶ್ರೀನಿವಾಸ್ ಹಾಡಾಗಲಿ, ಮರದ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುವುದು ಸಹಜ.

ಇದಕ್ಕೆ ನೇರ ದಾರಿ ಸ್ಟೀರಿಯೋ ಮೋಡ್. ಆಗಲೂ ಕಂಠ ಮಧ್ಯದಲ್ಲೇ ನಿಂತಂತೆ ಕೇಳುತ್ತದೆ, ಆದರೆ ಎರಡು ದೊಡ್ಡ ಸ್ಪೀಕರ್‌ಗಳು ಸೇರಿ ಗಾಳಿಯಲ್ಲಿ ಕಟ್ಟಿದ ಮಧ್ಯ ಅದು, ಮೈ ತುಂಬಿಕೊಂಡಿರುತ್ತದೆ. ಇನ್ನೊಂದು ದಾರಿ ಕೆಲವು ರಿಸೀವರ್‌ಗಳಲ್ಲಿ ಡಾಲ್ಬಿ ಸರೌಂಡ್ ಒಳಗೆ ಸೆಂಟರ್ ಸ್ಪ್ರೆಡ್ ಎಂಬ ಹೆಸರಿನಲ್ಲಿರುತ್ತದೆ. ಆನ್ ಮಾಡಿದರೆ ಮಧ್ಯಕ್ಕೆ ಹೋದದ್ದು ಎಡಬಲಕ್ಕೂ ಹರಡಿಕೊಳ್ಳುತ್ತದೆ. 80ರ ದಶಕದ ನಂತರದ ಸ್ಟೀರಿಯೋ ಹಾಡುಗಳಿಗೆ, ಭಾವಗೀತೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಟಿವಿ ನೋಡುವಾಗ ಆಫ್ ಇರಲಿ, ಮಾತು ಮಧ್ಯದಲ್ಲೇ ನಿಲ್ಲಬೇಕು.

ಯೂಟ್ಯೂಬ್‌ಗೆ ಯಾರ್‍ಯಾರೋ ಏರಿಸಿದ ಹಳೆಯ ಹಾಡುಗಳಲ್ಲಿ ಇನ್ನೂ ಎರಡು ವಿಚಿತ್ರ ನಿಮ್ಮ ಕಿವಿಗೆ ಬೀಳಬಹುದು. ಹಾಡು ಮುಂದೆ, ಆದರೆ ಹಿಂದಿನ ಸ್ಪೀಕರ್‌ಗಳಿಂದ ನೀರಿನೊಳಗೆ ಪಿಸುಗುಟ್ಟಿದಂಥ ಸದ್ದು. ಹಾಡನ್ನು ತೀರಾ ಕುಗ್ಗಿಸಿ ಉಳಿಸಿದಾಗ ಹುಟ್ಟುವ ಕಸ, ಹಳೆಯ ತಟ್ಟೆಯ ಚರಚರ, ಟೇಪಿನ ಹಿಸ್, ಇವು ಎಡಬಲಗಳಲ್ಲಿ ಬೇರೆ ಬೇರೆಯಾಗಿರುತ್ತವೆ. ಬೇರೆಯಾಗಿರುವುದನ್ನು ಹಿಂದಕ್ಕೆ ಕಳಿಸುವುದೇ ಯಂತ್ರದ ಕೆಲಸ ತಾನೆ, ಕಸವೂ ಹಿಂದಕ್ಕೆ ಹೋಯಿತು. ಎರಡನೆಯದು ಇನ್ನೂ ಮಜಾ: ಕಂಠವೇ ಹಿಂದಿನಿಂದ ಬರುವುದು. ಜನ ಗಾಬರಿಯಾಗಿ ಸ್ಪೀಕರ್ ತಂತಿಯ ಕೆಂಪು ಕಪ್ಪು ಅದಲುಬದಲಾಗಿದೆಯೇ ಎಂದು ಬಿಚ್ಚಿ ನೋಡುತ್ತಾರೆ. ತಂತಿ ಅದಲುಬದಲಾದರೆ ಧ್ವನಿ ಟೊಳ್ಳಾಗುತ್ತದೆ, ಬಾಸ್ ಸೊರಗುತ್ತದೆ. ಆದರೆ ಅಪ್‌ಮಿಕ್ಸರ್ ತನ್ನ ಲೆಕ್ಕವನ್ನು ಸ್ಪೀಕರ್ ತಂತಿಗೆ ಬರುವ ಮೊದಲೇ ಮುಗಿಸಿರುತ್ತದೆ, ಕಂಠವನ್ನು ಹಿಂದಕ್ಕೆ ಕಳಿಸಲು ತಂತಿಗೆ ಸಾಧ್ಯವಿಲ್ಲ. ಹಾಡನ್ನು ಏರಿಸಿದವರ ಕಡೆ ಒಂದು ಚಾನೆಲ್ ತಲೆಕೆಳಗಾಗಿದೆ ಎಂದರ್ಥ. ಬೇರೆಯವರು ಹಾಕಿದ ಅದೇ ಹಾಡು ಹುಡುಕಿ.

ಯಕ್ಷಗಾನದ ವಿಷಯ ಕೊಂಚ ಬೇರೆ. ಬಯಲಾಟವನ್ನು ಕ್ಯಾಮೆರಾದ ಮೈಕ್‌ನಲ್ಲೇ ಸ್ಟೀರಿಯೋ ಆಗಿ ಹಿಡಿದಿದ್ದರೆ ಡಾಲ್ಬಿ ಸರೌಂಡ್ ಅದ್ಭುತ: ಭಾಗವತರು ಮುಂದೆ, ಜನರ ಕೂಗು ಸುತ್ತ. ಮಿಕ್ಸರ್‌ನಿಂದ ನೇರ ಎಳೆದ ಧ್ವನಿಯಾದರೆ ಅದು ಹೆಚ್ಚಾಗಿ ಮೋನೋ, ಸ್ಟೀರಿಯೋ ಮೋಡ್ ಸಾಕು. ಮಲ್ಟಿ ಚಾನೆಲ್ ಸ್ಟೀರಿಯೋದಲ್ಲಿ ಮಾತ್ರ ಚೆಂಡೆ ಕೇಳಬೇಡಿ. ಒಂದು ಪೆಟ್ಟು ಏಳು ಪೆಟ್ಟಾಗಿ ತಲೆ ಸಿಡಿಯುತ್ತದೆ.

ಮಾತು ಕೇಳಿಸಲು

ಟಿವಿ ಸೆಟ್ಟಿಂಗ್ ಬದಲಿಸಿ 5.1 ಬರತೊಡಗಿದ ಮೇಲೂ ಮಾತು ಕಡಿಮೆ ಅನ್ನಿಸಬಹುದು. ಸಿನಿಮಾ ಧ್ವನಿಯನ್ನು ಬೆಸೆಯುವುದು ಥಿಯೇಟರ್ ಮಟ್ಟಕ್ಕೆ. ಆ ಅಳತೆಯಲ್ಲಿ ಸ್ಫೋಟದ ಶಿಖರ ಒಂದೊಂದು ಮುಖ್ಯ ಸ್ಪೀಕರ್‌ನಿಂದ 105 ಡೆಸಿಬಲ್‌ವರೆಗೆ ಹೋಗಬಹುದು, ಮಾತು ಅದಕ್ಕಿಂತ ಬಹಳ ಕೆಳಗಿರುತ್ತದೆ. ರಾತ್ರಿ ಒಂಬತ್ತರ ಮೇಲೆ ಮನೆಯಲ್ಲಿ ಆ ಅಂತರವನ್ನು ಪೂರ್ತಿ ಸಹಿಸುವವರು ಯಾರು? ನಿಮ್ಮ ಮನೆಯವರು ರೇಗುವುದರಲ್ಲಿ ನ್ಯಾಯವಿದೆ.

ಮೊದಲು ಸೆಂಟರ್ ಸ್ಪೀಕರನ್ನು ಶೋಕೇಸ್‌ನ ಒಳಗಿನಿಂದ ಮುಂದಿನ ಅಂಚಿಗೆ ತನ್ನಿ, ಅಡಿಯಲ್ಲಿ ಮುಂಭಾಗಕ್ಕೆ ರಬ್ಬರ್ ತುಂಡಿಟ್ಟು ಮುಖ ನಿಮ್ಮ ಕಿವಿಯ ಕಡೆ ಎತ್ತಿ. ಕೆಳಗಿಟ್ಟ ಸೆಂಟರ್‌ಗಳು ಸಾಮಾನ್ಯವಾಗಿ ನೋಡುಗರ ಮೊಣಕಾಲಿಗೆ ಕಥೆ ಹೇಳುತ್ತಿರುತ್ತವೆ. ಇದಕ್ಕೆ ಖರ್ಚಿಲ್ಲ, ಅಪಾಯವಿಲ್ಲ, ಪರಿಣಾಮ ಯಾವ ಬಟನ್‌ಗಿಂತಲೂ ಹೆಚ್ಚು. ಆಮೇಲೆ ಸೆಂಟರ್ ಮಟ್ಟವನ್ನು 2 ಡೆಸಿಬಲ್ ಏರಿಸಿ ನೋಡಿ. ನಾಲ್ಕೈದು ಏರಿಸಿದರೆ ಮಾತು ಪರದೆಯಿಂದ ಕಿತ್ತುಬಂದು ಮುಖಕ್ಕೆ ಹೊಡೆದಂತಾಗುತ್ತದೆ, ಎಡಬಲದ ಸಂಗೀತ ಬಡವಾಗುತ್ತದೆ. ಇನ್ನೂ ಸಾಲದಿದ್ದರೆ ಡೈನಾಮಿಕ್ ರೇಂಜ್ ಕಂಪ್ರೆಷನ್ ಅಥವಾ ನೈಟ್ ಮೋಡ್ ಎಂಬುದಿದೆ, ಜೋರು ಸದ್ದನ್ನು ತಗ್ಗಿಸಿ ಮೆಲು ಸದ್ದನ್ನು ಎತ್ತುತ್ತದೆ. ರಾತ್ರಿಗೆ ಹಾಕಿಕೊಳ್ಳಿ. ಹಗಲೂ ಹಾಕಿಟ್ಟರೆ ಸಿನಿಮಾ ಚಪ್ಪಟೆಯಾಗುತ್ತದೆ, ಹಾಡಿನಲ್ಲಂತೂ ತಬಲಾ ಏಟಿನ ಬಿರುಸೇ ಹೋಗುತ್ತದೆ. ಸೋಫಾದ ಮುಂದೆ ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ ಹಾಕಿದರೂ ಮಾತು ಸ್ಪಷ್ಟವಾಗುತ್ತದೆ, ಟೈಲ್ಸ್‌ನಿಂದ ಪುಟಿದು ಬರುವ ಸದ್ದು ಕಡಿಮೆಯಾಗುವುದರಿಂದ.

5.1 ಬಂದ ಮೇಲೆ ಒಂದು ಹೊಸ ಅನುಮಾನ ಹುಟ್ಟುತ್ತದೆ, ಮುಂಚೆಯೇ ಹೇಳಿಬಿಡುತ್ತೇನೆ. ಇಬ್ಬರು ಕೂತು ಮಾತನಾಡುವ ದೃಶ್ಯದಲ್ಲಿ ಹಿಂದಿನ ಸ್ಪೀಕರ್‌ಗಳು ಸುಮ್ಮನಿರುತ್ತವೆ ಅಥವಾ ಫ್ಯಾನಿನ ಸದ್ದಿನಷ್ಟು ಮೆಲ್ಲಗಿರುತ್ತವೆ. ಅದು ಸರಿ. ನಿರ್ದೇಶಕರಿಗೆ ಅಲ್ಲಿ ಹಿಂದೆ ಏನೂ ಬೇಕಿರಲಿಲ್ಲ.

ಒಮ್ಮೆ ಹೊಂದಿಸಿ ಬಿಡಿ

ದಿನಾ ಮೋಡ್ ಬದಲಿಸುವ ಅಗತ್ಯವಿಲ್ಲ. ಬಹಳ ರಿಸೀವರ್‌ಗಳು ಎಂಥ ಸಿಗ್ನಲ್ ಬಂದಾಗ ಯಾವ ಮೋಡ್ ಹಾಕಿದ್ದಿರಿ ಎಂಬುದನ್ನು ನೆನಪಿಟ್ಟುಕೊಳ್ಳುತ್ತವೆ. ಎರಡು ಚಾನೆಲ್‌ನ ಟಿವಿ, ಕ್ರಿಕೆಟ್, ಧಾರಾವಾಹಿ ಬಂದಾಗ ಡಾಲ್ಬಿ ಸರೌಂಡ್ ಹಾಕಿ ಬಿಡಿ. ಒಟಿಟಿಯ 5.1 ಬಂದಾಗ ಅದರ ಮೇಲೂ ಡಾಲ್ಬಿ ಸರೌಂಡ್ ಇರಲಿ. ಮೂಲ ಐದನ್ನು ಅದು ಹೆಚ್ಚು ಕಲಕುವುದಿಲ್ಲ, ಸೀಲಿಂಗ್‌ನ ಎರಡಕ್ಕೆ ಬೇಕಾದದ್ದನ್ನು ಅವುಗಳಿಂದ ಹೆಕ್ಕಿ ಕೊಡುತ್ತದೆ. ಅಟ್ಮಾಸ್ ಬಂದರೆ ನೀವು ಏನೂ ಮಾಡಬೇಕಿಲ್ಲ, ಅಟ್ಮಾಸ್ ಅಂತಲೇ ತೋರಿಸಲಿ. ಹಾಡಿಗೆ ಮಾತ್ರ ಸ್ಟೀರಿಯೋ ಬೇಕಾಗುವುದರಿಂದ ಅದನ್ನು ಒಂದು ಬಟನ್‌ಗೆ ಉಳಿಸಿಕೊಳ್ಳಿ. ಡೆನಾನ್‌ನಲ್ಲಿ ಇದಕ್ಕೆ ಕ್ವಿಕ್ ಸೆಲೆಕ್ಟ್, ಯಮಹಾದಲ್ಲಿ ಸೀನ್ ಎಂಬ ಬಟನ್‌ಗಳಿವೆ, ಬೇರೆ ಕಂಪನಿಯವರೂ ಇಂಥದ್ದೇನಾದರೂ ಕೊಟ್ಟಿರುತ್ತಾರೆ. ಒಂದು ಚೀಟಿಯಲ್ಲಿ "1 ಟಿವಿ, 2 ಹಾಡು, 3 ರಾತ್ರಿ ಸಿನಿಮಾ" ಎಂದು ಬರೆದು ರಿಮೋಟ್ ಹಿಂದೆ ಅಂಟಿಸಿ, ಮನೆಯವರೂ ನಿಮ್ಮನ್ನು ಕರೆಯದೆ ಹಾಕಿಕೊಳ್ಳುತ್ತಾರೆ.

ಸ್ಪೀಕರ್ ಹಾಳಾಗುವ ಭಯಕ್ಕೆ ಬಂದರೆ, ಮೋಡ್ ತಪ್ಪಾದ್ದಕ್ಕೆ ಸ್ಪೀಕರ್ ಸುಡುವುದಿಲ್ಲ. ಆಂಪ್ಲಿಫೈಯರ್ ಶಕ್ತಿ ಮೀರಿ ವಾಲ್ಯೂಮ್ ಏರಿಸಿದಾಗ, ಧ್ವನಿ ಗೊಗ್ಗರಾಗಿ ಒಡೆಯತೊಡಗಿದ ಮೇಲೂ ಹಾಗೇ ಬಿಟ್ಟಾಗ ಸುಡುತ್ತದೆ. ಮಲ್ಟಿ ಚಾನೆಲ್ ಸ್ಟೀರಿಯೋಗೆ ಇಲ್ಲಿ ಸಣ್ಣ ಪಾತ್ರವಿದೆ. ರಿಸೀವರ್ ಡಬ್ಬದ ಮೇಲಿನ ವ್ಯಾಟ್ ಲೆಕ್ಕವನ್ನು ಸಾಮಾನ್ಯವಾಗಿ ಎರಡು ಚಾನೆಲ್ ನಡೆಸಿ ಅಳೆದಿರುತ್ತಾರೆ, ಕೆಲವರು ಒಂದನ್ನೇ ನಡೆಸಿ ಅಳೆಯುತ್ತಾರೆ. ಏಳೂ ಒಟ್ಟಿಗೆ ಜೋರಾಗಿ ನಡೆದಾಗ ಅಷ್ಟು ಶಕ್ತಿ ಪ್ರತಿಯೊಂದಕ್ಕೂ ಸಿಗುವುದಿಲ್ಲ, ಬಿಸಿಯೂ ಹೆಚ್ಚು. ಮಾತು ಕೇಳಲೆಂದು ನೀವು ಅದೇ ಮೋಡ್‌ನಲ್ಲಿ ವಾಲ್ಯೂಮ್ ಏರಿಸುತ್ತಾ ಬಂದಿದ್ದೀರಿ, ಮೇಲ್ಭಾಗ ಬಿಸಿಯಾಗಲು ಅದೂ ಒಂದು ಕಾರಣ. ಜೊತೆಗೆ ಮುಂದಿನ ಸ್ಪೀಕರ್‌ಗಳು ಪುಟ್ಟವಾಗಿದ್ದರೆ ಸೆಟಪ್‌ನಲ್ಲಿ ಅವು ಸ್ಮಾಲ್ ಎಂದೂ, ಕ್ರಾಸ್‌ಓವರ್ 80 ಹರ್ಟ್ಸ್ ಎಂದೂ ಇರಲಿ. ಅದಕ್ಕಿಂತ ಕೆಳಗಿನ ಭಾರದ ಸದ್ದು ಸಬ್‌ವೂಫರ್‌ಗೆ ಹೋಗುತ್ತದೆ, ಆಂಪ್ಲಿಫೈಯರ್‌ಗೂ ಉಸಿರಾಡಲು ಬಿಡುವು.

ಕೈಯಿಟ್ಟರೆ ಬೆಚ್ಚಗಿರುವುದು ಸಹಜ, ಕೈ ತೆಗೆಯಬೇಕು ಅನ್ನುವಷ್ಟು ಸುಡುವುದು ಸಹಜವಲ್ಲ. ಮೇಲೆ ಒಂದು ಗೇಣಿನಷ್ಟಾದರೂ ಜಾಗ ಖಾಲಿ ಇರಲಿ, ಶೋಕೇಸ್‌ಗೆ ಗಾಜಿನ ಬಾಗಿಲಿದ್ದರೆ ಕೇಳುವಾಗ ತೆರೆದಿಡಿ. ಸೆಟ್‌ಟಾಪ್ ಬಾಕ್ಸನ್ನು ರಿಸೀವರ್ ಮೇಲೆ ಇಟ್ಟಿದ್ದರೆ ಇವತ್ತೇ ಕೆಳಗಿಳಿಸಿ. ಇಷ್ಟು ಮಾಡಿದ ಮೇಲೂ ತಾನಾಗಿ ಆಫ್ ಆಗುತ್ತಿದ್ದರೆ ಸ್ಪೀಕರ್ ತಂತಿಯ ಎಳೆಗಳು ಹಿಂಭಾಗದಲ್ಲಿ ಒಂದಕ್ಕೊಂದು ತಾಗುತ್ತಿವೆಯೇ ಎಂದು, ಪ್ಲಗ್ ಕಿತ್ತ ಮೇಲೆ, ಟಾರ್ಚ್ ಹಿಡಿದು ನೋಡಿ.